ಅಜ್ಜ ‘ದೇ’ ಆಗುವುದು ಯಾಕೆ? ಇಂಗ್ಲಿಷ್ ಸರ್ವನಾಮದ ದೋಷ ಹುಡುಕುವ ಕ್ರಮ

ಮೊದಲು ಕೇಸು ನೋಡೋಣ. ಏಳನೇ ಕ್ಲಾಸಿನ ಹುಡುಗನೊಬ್ಬನ ನೋಟ್‌ಬುಕ್ಕಿನಿಂದ ನಾಲ್ಕು ಸಾಲು:

‘ಮೈ ಗ್ರ್ಯಾಂಡ್‌ಫಾದರ್ ಈಸ್ ಎ ಫಾರ್ಮರ್. ದೇ ವೇಕ್ ಅಪ್ ಅಟ್ ಫೈವ್. ದೇರ್ ಕೌ ಈಸ್ ಬ್ಲ್ಯಾಕ್. ಇಟ್ ಗಿವ್ ಹಿಮ್ ಮಿಲ್ಕ್.’

ಅಜ್ಜ ಇರುವುದು ಒಬ್ಬರೇ. ಎರಡನೇ ಸಾಲಿಗೆ ಬರುವಾಗ ಅವರು ಒಂದು ಗುಂಪಾಗಿ ಎದ್ದಿದ್ದಾರೆ. ನಾಲ್ಕನೇ ಸಾಲಿನಲ್ಲಿ ಹಾಲು ಸಿಗುವಾಗ ಪುನಃ ಒಬ್ಬರೇ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಂಜೆ ಹೊತ್ತು ಟ್ಯೂಷನ್ ಕೊಡುವವನು ನಾನು. ಮೊದಲೆಲ್ಲ ಇಂಥ ಸಾಲು ಕಂಡರೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಮೇಲೆ ‘ಹಿ’ ಅಂತ ಬರೆದು ಕಳಿಸುತ್ತಿದ್ದೆ. ಮರುವಾರ ಅದೇ ತಪ್ಪು ಬರುತ್ತಿತ್ತು. ಸೋರುವ ಮಾಡಿನ ಕೆಳಗೆ ಬಾಲ್ದಿ ಇಟ್ಟ ಹಾಗೆ. ಹಂಚು ಎಲ್ಲಿ ಒಡೆದಿದೆ ಅಂತ ನಾನು ಹತ್ತಿ ನೋಡಿರಲಿಲ್ಲ. ನೋಡಿದಾಗ ಗೊತ್ತಾದದ್ದು ಇಷ್ಟು: ನಮ್ಮ ಮಕ್ಕಳು ಸುಮ್ನೆ ತಪ್ಪು ಮಾಡುವುದಿಲ್ಲ. ಮನೆಯ ಭಾಷೆಯ ಸರಿಯಾದ ನಿಯಮವನ್ನೇ ಇಂಗ್ಲಿಷಿಗೆ ಹಚ್ಚುತ್ತಾರೆ. ಕಾಸರಗೋಡಿನಲ್ಲಿ ಒಂದೇ ಬೆಂಚಿನಲ್ಲಿ ನಾಲ್ಕು ಮನೆಭಾಷೆ ಇರುತ್ತದೆ. ಹಾಗಾಗಿ ತಪ್ಪು ಒಂದೇ ತರ ಕಂಡರೂ ಅದು ಬಂದ ದಾರಿ ಬೇರೆ ಬೇರೆ.

ಮೊದಲ ಪರೀಕ್ಷೆ: ಬಾಣ

ಸರ್ವನಾಮ ಯಾವ ನಾಮಪದದ ಬದಲಿಗೆ ಬಂದಿದೆಯೋ ಅದಕ್ಕೆ ಇಂಗ್ಲಿಷಿನಲ್ಲಿ ‘ಆ್ಯಂಟಿಸಿಡೆಂಟ್’ ಅನ್ನುತ್ತಾರೆ. ನಾವು ಕ್ಲಾಸಿನಲ್ಲಿ ಅದನ್ನು ‘ದಣಿ’ ಅಂತ ಕರೆಯುತ್ತೇವೆ. ಸರ್ವನಾಮ ಅದರ ಒಕ್ಕಲು. ದಣಿ ಒಬ್ಬನಾದರೆ ಒಕ್ಕಲೂ ಏಕವಚನ, ದಣಿ ಹೆಣ್ಣಾದರೆ ಒಕ್ಕಲೂ ಹೆಣ್ಣು. ಕೇರಳದಲ್ಲಿ ಒಕ್ಕಲು ಪದ್ಧತಿ 1970ರ ಜನವರಿ 1ಕ್ಕೆ ರದ್ದಾಯಿತು. ಇಂಗ್ಲಿಷ್ ವ್ಯಾಕರಣಕ್ಕೆ ಆ ಕಾನೂನು ಇನ್ನೂ ತಲುಪಿಲ್ಲ.

ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ಸರ್ವನಾಮಕ್ಕೂ ಒಂದು ಸೊನ್ನೆ ಸುತ್ತಿ. ಅಲ್ಲಿಂದ ಹಿಂದಕ್ಕೆ, ದಣಿಯ ತನಕ ಬಾಣ ಎಳೆಯಿರಿ. ಬಾಣ ಒಂದೇ ಕಡೆ ಹೋಗಿ ನಿಂತಿತೋ, ಒಳ್ಳೆಯದು. ಈಗ ಎಷ್ಟು ಜನ ಅಂತ ಕೇಳಿ. ಆಮೇಲೆ ಗಂಡೋ, ಹೆಣ್ಣೋ, ವಸ್ತುವೋ ಅಂತ ಕೇಳಿ. ಬಾಣ ಎರಡು ಕಡೆಗೆ ಎಳೆಯುತ್ತಿದ್ದರೆ, ಅಥವಾ ಎಲ್ಲಿಗೂ ಹೋಗದೆ ಗಾಳಿಯಲ್ಲಿ ನೇತಾಡಿದರೆ, ವಚನ ಲಿಂಗ ನೋಡಿ ಪ್ರಯೋಜನವಿಲ್ಲ. ಆ ರೋಗವೇ ಬೇರೆ. ಅದನ್ನು ಕೊನೆಗೆ ನೋಡೋಣ.

ಬಾಣ ಸಾಧಾರಣವಾಗಿ ಹಿಂದಕ್ಕೇ ಹೋಗುತ್ತದೆ. ‘ವೆನ್ ಹಿ ಕೇಮ್ ಹೋಮ್, ರವಿ ವಾಸ್ ಟಯರ್ಡ್’ ಅನ್ನುವಂಥ ವಾಕ್ಯದಲ್ಲಿ ಮಾತ್ರ ಮುಂದಕ್ಕೆ ಹೋಗುತ್ತದೆ. ಶಾಲೆಯ ಮಟ್ಟಕ್ಕೆ ಅದು ಅಪರೂಪ.

ಒಬ್ಬರಿಗೆ ‘ದೇ’ ಬಂದರೆ

ನನ್ನ ಲೆಕ್ಕದಲ್ಲಿ ಇಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಅಜ್ಜ, ಟೀಚರ್, ಡಾಕ್ಟರ್, ದೇವಸ್ಥಾನದ ಭಟ್ರು: ಗೌರವ ಕೊಡಬೇಕಾದ ಯಾರೇ ಬಂದರೂ ಅವರ ಹಿಂದೆಯೇ ‘ದೇ’ ಬರುತ್ತದೆ. ಕಾರಣ ಸರಳ. ಕನ್ನಡದ ‘ಅವರು’ ಎರಡು ಕೆಲಸ ಮಾಡುತ್ತದೆ. ಹತ್ತು ಜನರಿಗೂ ಅವರು, ಗೌರವದ ಒಬ್ಬರಿಗೂ ಅವರು. ಮಗು ಡಿಕ್ಷನರಿ ತೆಗೆದು ‘ಅವರು’ ಅಂದರೆ ‘ದೇ’ ಅಂತ ನೋಡಿಕೊಂಡು ಬರೆಯುತ್ತದೆ. ಡಿಕ್ಷನರಿಯೂ ತಪ್ಪಿಲ್ಲ, ಮಗುವೂ ತಪ್ಪಿಲ್ಲ. ವಾಕ್ಯ ಮಾತ್ರ ತಪ್ಪು.

ಮನೆಯಲ್ಲಿ ತುಳು ಮಾತಾಡುವ ಮಗುವಾದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ತುಳುವಿನಲ್ಲಿ ಗೌರವದ ಒಬ್ಬರು ‘ಆರ್’, ಹಲವರು ‘ಅಕುಲು’. ‘ಅಜ್ಜೆರ್ ಆರಾ, ಅಕುಲಾ?’ ಅಂತ ಕೇಳಿ. ಮಗು ನಗುತ್ತಾ ‘ಆರ್’ ಅನ್ನುತ್ತದೆ. ‘ಆರ್’ ಬಂದಲ್ಲಿ ‘ಹಿ’ ಅಥವಾ ‘ಶಿ’, ‘ಅಕುಲು’ ಬಂದಲ್ಲಿ ‘ದೇ’. ಮಲಯಾಳ ಗೊತ್ತಿರುವ ಮಗುವಿಗೆ ‘ಅದ್ದೇಹಂ’ ನೆನಪಿಸಿದರೆ ಸಾಕು. ಅದರಲ್ಲಿ ಗೌರವವೂ ಉಂಟು, ಏಕವಚನವೂ ಉಂಟು. ಕನ್ನಡ ಮಾತ್ರ ಮಾತಾಡುವ ಮಗುವಿಗೆ ಈ ಸೌಲಭ್ಯ ಇಲ್ಲ. ಅದಕ್ಕೆ ತಲೆ ಎಣಿಸಲು ಹೇಳಬೇಕು. ಎಷ್ಟು ತಲೆ? ಒಂದು. ಹಾಗಾದರೆ ‘ದೇ’ ಇಲ್ಲ.

ಆದರೆ ಇಲ್ಲಿ ವ್ಯಾಕರಣಕ್ಕಿಂತ ದೊಡ್ಡ ತೊಡಕು ಒಂದಿದೆ. ಆ ಹುಡುಗ ನನ್ನ ಮುಖ ನೋಡಿ, ‘ಸರ್, ಅಜ್ಜನಿಗೆ ಹಿ ಅಂತ ಹೇಗೆ ಬರೆಯುವುದು? ಬೈದ ಹಾಗೆ ಆಗುವುದಿಲ್ವಾ?’ ಅಂದ. ಅವನ ಕಿವಿಯಲ್ಲಿ ‘ಹಿ’ ಅಂದರೆ ‘ಅವನು’. ಅಜ್ಜನನ್ನು ‘ಅವನು’ ಅಂದರೆ ಮನೆಯಲ್ಲಿ ಏನಾಗುತ್ತದೆ ಅಂತ ಅವನಿಗೆ ಗೊತ್ತು. ನಿಯಮ ಹೇಳಿದರೆ ಈ ಹೆದರಿಕೆ ಹೋಗುವುದಿಲ್ಲ. ನಾನು ಹೇಳಿದ್ದು ಬೇರೆ. ಇಂಗ್ಲಿಷಿನ ‘ಹಿ’ಯೊಳಗೆ ಅವನೂ ಇದ್ದಾನೆ, ಅವರೂ ಇದ್ದಾರೆ. ರಾಜನ ಬಗ್ಗೆ ಬರೆಯುವಾಗಲೂ ‘ಹಿ’, ಕಳ್ಳನ ಬಗ್ಗೆ ಬರೆಯುವಾಗಲೂ ‘ಹಿ’.

ಇಂಗ್ಲಿಷಿನವರಿಗೆ ಈ ಗೌರವದ ಬಹುವಚನ ಗೊತ್ತೇ ಇರಲಿಲ್ಲ ಅಂತಲ್ಲ. ಅವರಲ್ಲೂ ಒಂದು ಕಾಲದಲ್ಲಿ ‘ನೀನು’ ಅನ್ನಲು ‘ದೌ’ ಇತ್ತು, ‘ನೀವು’ ಅನ್ನಲು ‘ಯು’ ಇತ್ತು. ದೊಡ್ಡವರಿಗೆ ‘ಯು’ ಅನ್ನುವ ಮರ್ಯಾದೆ ಹಬ್ಬುತ್ತಾ ಹೋಯಿತು. ‘ದೌ’ ಸಾಧಾರಣ ಮಾತಿನಿಂದ ಹೊರಗೆ ಬಿತ್ತು. ಅದಕ್ಕೇ ಇವತ್ತು ಒಬ್ಬರನ್ನು ಮಾತಾಡಿಸುವಾಗಲೂ ‘ಯು ಆರ್’ ಅನ್ನುತ್ತೇವೆ, ‘ಯು ಈಸ್’ ಅನ್ನುವುದಿಲ್ಲ. ಎದುರಿಗೆ ಇರುವವರಿಗೆ ಗೌರವ ಸಿಕ್ಕಿತು, ದೂರದಲ್ಲಿ ಇರುವವರಿಗೆ ಸಿಗಲಿಲ್ಲ ಅಷ್ಟೆ. ಇದನ್ನು ಕೇಳಿದ ಮೇಲೆ ಹುಡುಗನಿಗೆ ಸ್ವಲ್ಪ ಸಮಾಧಾನ ಆಯಿತು.

ದೊಡ್ಡ ಮಕ್ಕಳಿಗೆ ನಾನು ಗೋವಿಂದ ಪೈಗಳ ಮೇಲೆ ಒಂದು ಪ್ಯಾರಾ ಬರೆಸುತ್ತೇನೆ. ಮಂಜೇಶ್ವರದವರು, 1883ರಲ್ಲಿ ಹುಟ್ಟಿದವರು, 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಅನ್ನಿಸಿಕೊಂಡವರು. ಇಷ್ಟು ದೊಡ್ಡವರನ್ನು ಆರೇಳು ವಾಕ್ಯದಲ್ಲಿ ‘ಹಿ’ ಅಂತ ಬರೆದು ಅಭ್ಯಾಸ ಆದರೆ, ಅಜ್ಜನಿಗೆ ಬರೆಯಲು ಕೈ ನಡುಗುವುದಿಲ್ಲ.

ರಿಪೇರಿ ಮಾಡುವಾಗ ಒಂದು ಎಚ್ಚರಿಕೆ. ಮಕ್ಕಳು ಮೊದಲ ‘ದೇ’ಯನ್ನು ‘ಹಿ’ ಮಾಡಿ ಪೆನ್ನು ಮುಚ್ಚಿಬಿಡುತ್ತಾರೆ. ಕೆಳಗಿನ ‘ದೇರ್’, ‘ದೆಮ್’ ಎಲ್ಲ ಹಾಗೇ ಉಳಿದಿರುತ್ತವೆ. ಕ್ರಿಯಾಪದವೂ ಹಳೆಯದೇ. ‘ದೇ ವೇಕ್’ ಹೋಗಿ ‘ಹಿ ವೇಕ್’ ಆಗಿರುತ್ತದೆ, ‘ವೇಕ್ಸ್’ ಆಗಿರುವುದಿಲ್ಲ. ಪ್ಯಾರಾದ ಕೊನೆಯ ಪೂರ್ಣವಿರಾಮದ ತನಕ ಬಾಣ ಎಳೆಯಲೇಬೇಕು.

ಅಕ್ಕನಿಗೆ ‘ಇಟ್’ ಬಂದರೆ

‘ಮೈ ಸಿಸ್ಟರ್ ಈಸ್ ಇನ್ ಪ್ಲಸ್ ಟು. ಇಟ್ ಗೋಸ್ ಟು ಕುಂಬಳೆ ಬೈ ಬಸ್.’ ಹೊರಗಿನಿಂದ ಬಂದ ಟೀಚರಿಗೆ ಇದನ್ನು ನೋಡಿ ನಗು ಬರಬಹುದು. ನಗಬೇಡಿ. ಮಗು ಹವ್ಯಕರ ಮನೆಯದಾ ಅಂತ ಕೇಳಿ. ನಮ್ಮ ಕಡೆಯ ಹವಿಗನ್ನಡದಲ್ಲಿ ಹೆಣ್ಣಿಗೂ ‘ಅದು’ ಅಂತಲೇ ಹೇಳುವುದು. ‘ಅಕ್ಕ ಬಂತು’, ‘ಅಬ್ಬೆ ಹೇಳಿತ್ತು’ ಅನ್ನುವುದರಲ್ಲಿ ಅಗೌರವ ಏನೂ ಇಲ್ಲ, ಮನೆಮಾತು ಅದು. ಆ ‘ಅದು’ ನೇರವಾಗಿ ‘ಇಟ್’ ಆಗಿ ಇಳಿದಿದೆ.

ಚಿಕಿತ್ಸೆ ಸುಲಭ. ವಾಕ್ಯವನ್ನು ಮೊದಲು ಪುಸ್ತಕದ ಕನ್ನಡದಲ್ಲಿ ಹೇಳಿಸಿ. ‘ಅಕ್ಕ ಬಸ್ಸಿನಲ್ಲಿ ಹೋಗುತ್ತಾಳೆ.’ ‘ಹೋಗುತ್ತಾಳೆ’ ಅಂತ ಬಾಯಿಗೆ ಬಂದ ಕೂಡಲೇ ‘ಶಿ’ ತಾನಾಗಿ ಬರುತ್ತದೆ. ಮನೆಮಾತನ್ನು ತಿದ್ದಲು ಮಾತ್ರ ಹೋಗಬೇಡಿ. ಅದು ನಿಮ್ಮ ಕೆಲಸ ಅಲ್ಲ.

ಇದರ ಜೊತೆಗೇ ಒಂದು ದಿನ ‘ಅವು’ ಅನ್ನುವ ಪದ ಬೋರ್ಡಿನಲ್ಲಿ ಬರೆದು ಮೂರು ಮಕ್ಕಳ ಹತ್ತಿರ ಅರ್ಥ ಕೇಳಿದೆ. ತುಳು ಮನೆಯ ಹುಡುಗಿ, ‘ಅವು ಅಂದರೆ ಅದು, ಒಂದು ವಸ್ತು’ ಅಂದಳು. ಹವ್ಯಕರ ಹುಡುಗ, ‘ಅವು ಅಂದರೆ ಅವರು, ದೊಡ್ಡವರು’ ಅಂದ. ಅವರ ಮನೆಯಲ್ಲಿ ‘ಮಾಷ್ಟ್ರು ಹೇಳಿದವು’ ಅನ್ನುವುದು ಗೌರವದ ಮಾತು. ಮೂರನೆಯವನು ಪಠ್ಯಪುಸ್ತಕದವನು. ‘ಅವು ಅಂದರೆ ಹಲವು ವಸ್ತು’ ಅಂದ. ಒಂದೇ ಪದ, ಮೂರು ಬೆಂಚಿನಲ್ಲಿ ಮೂರು ಸರ್ವನಾಮ: ‘ಇಟ್’, ‘ಹಿ’, ‘ದೇ’. ಮೂವರೂ ಸರಿ. ಅವತ್ತಿನಿಂದ ನಾನು ‘ಅವು ಅಂದರೆ ದೇ’ ಅಂತ ಬೋರ್ಡಿನಲ್ಲಿ ಬರೆಯುವುದು ಬಿಟ್ಟೆ.

ಹತ್ತು ಮರಕ್ಕೆ ಒಂದು ‘ಇಟ್’

‘ಗಾಳಿಗೆ ಹತ್ತು ಅಡಿಕೆ ಮರ ಬಿತ್ತು. ಅದನ್ನು ಕಡಿದು ತಂದೆವು.’ ಕನ್ನಡ ಮಾತಿನಲ್ಲಿ ಇದಕ್ಕೆ ಯಾರೂ ತಪ್ಪು ಹೇಳುವುದಿಲ್ಲ. ಹತ್ತು ಅಂತ ಹೇಳಿದ ಮೇಲೆ ‘ಮರಗಳು’ ಅನ್ನುವ ಅಗತ್ಯವೇ ಕಾಣುವುದಿಲ್ಲ, ‘ಅದು’ ಸಾಕು. ಇಂಗ್ಲಿಷಿಗೆ ಇಳಿಸಿದರೆ ‘ಟೆನ್ ಟ್ರೀಸ್ ಫೆಲ್. ವಿ ಕಟ್ ಇಟ್’ ಆಗುತ್ತದೆ. ಓದಿದವರು ಹತ್ತರಲ್ಲಿ ಯಾವುದನ್ನು ಕಡಿದಿರಿ ಅಂತ ಕೇಳುತ್ತಾರೆ. ‘ದೆಮ್’ ಬೇಕು.

ಇದರ ತಿರುಗುಮುರುಗು ದೋಷವೂ ಉಂಟು. ‘ಫರ್ನಿಚರ್’, ‘ಲಗೇಜ್’, ‘ಅಡ್ವೈಸ್’, ‘ಇನ್ಫರ್ಮೇಷನ್’ ಎಷ್ಟೇ ಇದ್ದರೂ ಇಂಗ್ಲಿಷಿನಲ್ಲಿ ‘ಇಟ್’. ಕತ್ತರಿ ನಮಗೆ ಒಂದೇ, ಆದರೆ ‘ಸಿಸರ್ಸ್’ಗೆ ‘ದೆಮ್’. ಕನ್ನಡಕಕ್ಕೂ, ಪ್ಯಾಂಟಿಗೂ ಹಾಗೆಯೇ. ‘ನ್ಯೂಸ್’ ಕೊನೆಗೆ ಎಸ್ ಇದ್ದರೂ ‘ಇಟ್’. ‘ಪೊಲೀಸ್’ಗೆ ಎಸ್ ಇಲ್ಲದಿದ್ದರೂ ‘ದೇ’. ಇದಕ್ಕೆ ತರ್ಕ ಹುಡುಕಿ ಸುಸ್ತಾಗಬೇಡಿ, ಬಾಯಿಪಾಠ ಮಾಡಿಸಿ.

ಗುಂಪಿನ ಪದಗಳನ್ನು ಬೇಗ ಮುಗಿಸೋಣ. ‘ಟೀಮ್’, ‘ಕಮಿಟಿ’, ‘ಫ್ಯಾಮಿಲಿ’ ಇವನ್ನು ಅಮೆರಿಕದವರು ಸಾಧಾರಣವಾಗಿ ‘ಇಟ್’ ಅನ್ನುತ್ತಾರೆ. ಬ್ರಿಟಿಷರು ಎರಡೂ ತರ ಬರೆಯುತ್ತಾರೆ. ಯಾವುದಾದರೂ ಒಂದು ಹಿಡಿದು ಕೊನೆತನಕ ಅದನ್ನೇ ಬರೆಯಿರಿ. ಸಂಸ್ಥೆಗೆ ‘ಇಟ್ಸ್’ ಅನ್ನುವುದು ಕ್ಷೇಮ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಬಗ್ಗೆ ಬರೆಯುವಾಗ ‘ಇಟ್ಸ್ ಸೈಂಟಿಸ್ಟ್ಸ್’ ಅಂತ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಆ ‘ಇಟ್ಸ್’ಗೆ ಅಪಾಸ್ಟ್ರಫಿ ಹಾಕಬೇಡಿ. ಹಾಕಿದರೆ ಅದು ‘ಇಟ್ ಈಸ್’ ಆಗುತ್ತದೆ.

‘ಎವ್ರಿವನ್’ ಎದುರಾದರೆ

ಈ ದೋಷದಲ್ಲಿ ವೈದ್ಯರಿಗೇ ಒಮ್ಮತ ಇಲ್ಲ. ‘ಎವ್ರಿವನ್ ಮಸ್ಟ್ ಬ್ರಿಂಗ್’ ಅಂದ ಮೇಲೆ ‘ಹಿಸ್ ಬುಕ್’ ಬೇಕಾ, ‘ಹಿಸ್ ಆರ್ ಹರ್’ ಬೇಕಾ, ‘ದೇರ್’ ಸಾಕಾ?

‘ಎವ್ರಿವನ್’, ‘ಈಚ್’, ‘ನೋಬಡಿ’ ಇವೆಲ್ಲ ಲೆಕ್ಕದಲ್ಲಿ ಏಕವಚನ. ಹಾಗಾಗಿ ಹಳೇ ವ್ಯಾಕರಣದವರು ‘ಹಿಸ್’ ಅನ್ನುತ್ತಿದ್ದರು. ಗಂಡಿನೊಳಗೆ ಹೆಣ್ಣೂ ಸೇರಿದೆ ಅನ್ನುವುದು ಅವರ ವಾದ. ಕಾನೂನಿಗೂ ಅದು ಬಂತು. ನಮ್ಮ ದೇಶದ 1897ರ ಜನರಲ್ ಕ್ಲಾಸಸ್ ಆ್ಯಕ್ಟಿನ 13ನೇ ಸೆಕ್ಷನ್ನಿನಲ್ಲಿ, ಪುಲ್ಲಿಂಗದ ಪದದಲ್ಲಿ ಸ್ತ್ರೀಯರೂ ಸೇರುತ್ತಾರೆ ಅಂತ ಇದೆ. ಆದರೆ ಸಾಧಾರಣ ಜನ ಒಬ್ಬರಿಗೆ ‘ದೇ’ ಬಳಸುವುದು 14ನೇ ಶತಮಾನದಿಂದಲೂ ನಡೆದು ಬಂದಿದೆ. 2019ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ‘ದೇ’ ಪದವನ್ನೇ ವರ್ಷದ ಪದ ಅಂತ ಆರಿಸಿತು. ಅದೇ ವರ್ಷ ಅಮೆರಿಕದ ಮನಶ್ಶಾಸ್ತ್ರ ಸಂಘದ ಶೈಲಿ ಕೈಪಿಡಿಯ 7ನೇ ಆವೃತ್ತಿ ಕೂಡ ಏಕವಚನದ ‘ದೇ’ಗೆ ಒಪ್ಪಿಗೆ ಕೊಟ್ಟಿತು.

‘ಹಾಗಾದರೆ ನನ್ನ ಅಜ್ಜನಿಗೆ ಯಾಕೆ ಬೇಡ?’ ಅಂತ ಆ ಹುಡುಗನೇ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇದು: ಗಂಡೋ ಹೆಣ್ಣೋ ಗೊತ್ತಿಲ್ಲದವರಿಗೆ, ಯಾರಾದರೂ ಆಗಬಹುದಾದವರಿಗೆ, ಅಥವಾ ತಮ್ಮನ್ನು ಹಾಗೇ ಕರೆಯಿರಿ ಅಂದವರಿಗೆ ಆ ‘ದೇ’. ಅಜ್ಜ ಯಾರು ಅಂತ ನಿನಗೆ ಚೆನ್ನಾಗಿ ಗೊತ್ತಲ್ವಾ?

ನನಗೆ ಕೇಳಿದರೆ ‘ದೇರ್’ ಒಳ್ಳೆಯದು. ಕನ್ನಡದಲ್ಲೂ ನಾವು ‘ಪ್ರತಿಯೊಬ್ಬರೂ ತಮ್ಮ ಪುಸ್ತಕ ತರಬೇಕು’ ಅಂತಲೇ ಹೇಳುವುದು, ‘ತನ್ನ’ ಅನ್ನುವುದಿಲ್ಲ. ಕ್ರಿಯಾಪದ ಮಾತ್ರ ಏಕವಚನದಲ್ಲೇ ಇರಲಿ: ‘ಎವ್ರಿವನ್ ಹ್ಯಾಸ್ ಬ್ರಾಟ್ ದೇರ್ ಬುಕ್’. ಪೇಪರ್ ತಿದ್ದುವವರು ಹಳೇ ಕಾಲದವರು ಅಂತ ಸಂಶಯ ಬಂದರೆ ಜಗಳಕ್ಕೆ ಹೋಗಬೇಡಿ. ದಣಿಯನ್ನೇ ಬದಲಾಯಿಸಿ. ‘ಆಲ್ ಸ್ಟೂಡೆಂಟ್ಸ್ ಹ್ಯಾವ್ ಬ್ರಾಟ್ ದೇರ್ ಬುಕ್ಸ್’ ಅಂದರೆ ಯಾರಿಗೂ ಆಕ್ಷೇಪ ಇಲ್ಲ.

‘ಐದರ್–ಆರ್’, ‘ನೈದರ್–ನಾರ್’ ಬಂದಾಗ ಹತ್ತಿರದ ದಣಿಯನ್ನು ನೋಡಿ. ‘ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್’ ಅಂದ ಮೇಲೆ ‘ದೇರ್’. ಇದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ.

ಬಾಣ ಎರಡು ಕಡೆ ಎಳೆದರೆ

ಇದು ನನ್ನದೇ ಕೈಯಲ್ಲಿ ಆದ ತಪ್ಪು. ರಾಜ್ಯಗಳ ವಿಂಗಡಣೆ ಆದ 1956ರ ನವೆಂಬರ್ 1ರಿಂದ ಕಾಸರಗೋಡಿನ ನಾವು ಕೇರಳದಲ್ಲಿದ್ದೇವೆ. ಆಫೀಸಿನ ಮಲಯಾಳ ನಮ್ಮಲ್ಲಿ ಹಲವರಿಗೆ ಓದಲು ಕಷ್ಟ, ನಮ್ಮ ಕನ್ನಡ ಅಲ್ಲಿನ ಎಲ್ಲರಿಗೂ ತಿಳಿಯುವುದಿಲ್ಲ. ಹಾಗಾಗಿ ಎಷ್ಟೋ ಸಲ ಇಬ್ಬರ ನಡುವೆ ಇಂಗ್ಲಿಷ್ ಅರ್ಜಿ ಓಡಾಡುತ್ತದೆ. ಒಂದು ಮಳೆಗಾಲದಲ್ಲಿ ತೋಡಿನ ಕಾಲುಸಂಕದ ಮೇಲೆ ದೊಡ್ಡ ಮರ ಬಿತ್ತು. ನೆರೆಮನೆಯವರ ಪರವಾಗಿ ನಾನೇ ಬರೆದೆ. ‘ಎ ಟ್ರೀ ಹ್ಯಾಸ್ ಫಾಲನ್ ಆನ್ ದ ಫುಟ್‌ಬ್ರಿಜ್. ಇಟ್ ಈಸ್ ಓಲ್ಡ್ ಆ್ಯಂಡ್ ಡೇಂಜರಸ್. ಪ್ಲೀಸ್ ರಿಮೂವ್ ಇಟ್.’

15 ದಿನ ಸುದ್ದಿ ಇಲ್ಲ. ಆಮೇಲೆ ಆಫೀಸಿನಿಂದ ಫೋನು. ‘ಮಾಷೇ, ತೆಗೆಯಬೇಕಾದ್ದು ಮರವೋ, ಪಾಲವೋ?’ ಪಾಲ ಅಂದರೆ ಮಲಯಾಳದಲ್ಲಿ ಸಂಕ. ಅರ್ಜಿ ಅಷ್ಟು ದಿನವೂ ಹಳೇ ಸಂಕ ಕೆಡವುವ ಫೈಲಿನಲ್ಲಿ ಕೂತಿತ್ತಂತೆ. ಅವರನ್ನು ಬೈಯುವ ಹಾಗಿಲ್ಲ. ‘ಇಟ್’ ಅಂತ ಬರೆದವನು ನಾನು. ಅದರ ಬಾಣ ಮರಕ್ಕೂ ಹೋಗುತ್ತದೆ, ಸಂಕಕ್ಕೂ ಹೋಗುತ್ತದೆ. ವಚನ ಸರಿ, ಲಿಂಗ ಸರಿ, ದಣಿ ಮಾತ್ರ ಇಬ್ಬರು.

ಈ ದೋಷ ಬರೆದವನ ಕಣ್ಣಿಗೆ ಬೀಳುವುದೇ ಇಲ್ಲ. ಮರ ನನ್ನ ಕಣ್ಣೆದುರು ಬಿದ್ದಿತ್ತಲ್ಲ, ನನಗೆ ಸಂಶಯ ಎಲ್ಲಿಂದ ಬರಬೇಕು? ಅದಕ್ಕೇ ಅರ್ಜಿಯನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಯಲ್ಲಿ ಓದಿಸಬೇಕು. ಪರಿಹಾರ ತುಂಬ ಸಣ್ಣದು, ನಾಮಪದವನ್ನು ಇನ್ನೊಮ್ಮೆ ಬರೆಯುವುದು: ‘ಪ್ಲೀಸ್ ರಿಮೂವ್ ದ ಟ್ರೀ’. ಒಂದೇ ಪದ ಪುನಃ ಬರೆದರೆ ಚೆಂದ ಅಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಪ್ರಬಂಧದಲ್ಲಿ ಇರಬಹುದು. ಅರ್ಜಿಗೆ ಚೆಂದ ಯಾಕೆ?

ಮನುಷ್ಯರ ವಿಷಯದಲ್ಲಿ ಇದೇ ದೋಷ ಬರಲು ಕನ್ನಡದ ಒಂದು ಅನುಕೂಲವೇ ಕಾರಣ. ‘ತನ್ನ ಬಸ್ಸು ಹೋಯಿತು ಅಂತ ರವಿ ಸುರೇಶನಿಗೆ ಹೇಳಿದ’ ಅಂದರೆ ಬಸ್ಸು ತಪ್ಪಿದ್ದು ರವಿಗೆ. ‘ಅವನ ಬಸ್ಸು’ ಅಂದರೆ ಸಾಧಾರಣವಾಗಿ ಸುರೇಶನಿಗೆ. ಇಂಗ್ಲಿಷಿನಲ್ಲಿ ‘ತನ್ನ’ ಇಲ್ಲ, ಎರಡಕ್ಕೂ ‘ಹಿಸ್’. ಕನ್ನಡದಲ್ಲಿ ಸ್ಪಷ್ಟ ಇದ್ದದ್ದು ಅನುವಾದದಲ್ಲಿ ಮಸುಕಾಗುತ್ತದೆ. ಆಗ ರವಿ ಹೇಳಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿಬಿಡಿ: ರವಿ ಸೆಡ್, ‘ಮೈ ಬಸ್ ಹ್ಯಾಸ್ ಗಾನ್’.

‘ತನ್ನ’ದ ಇನ್ನೊಂದು ಸಮಸ್ಯೆ ಅದರಲ್ಲಿ ಗಂಡು ಹೆಣ್ಣು ಕಾಣದಿರುವುದು. ‘ಸೀತಾ ತನ್ನ ತಮ್ಮನನ್ನು ಕರೆದಳು’ ಅನ್ನುವುದನ್ನು ಇಂಗ್ಲಿಷ್ ಮಾಡುವಾಗ ಮಗು ಮುಂದಿನ ‘ತಮ್ಮ’ನನ್ನು ನೋಡಿ ‘ಹಿಸ್ ಬ್ರದರ್’ ಬರೆಯುತ್ತದೆ. ಬಾಣ ಹಿಂದಕ್ಕೆ ಎಳೆಸಿ. ಸೀತಾ ಸಿಗುತ್ತಾಳೆ, ‘ಹರ್’ ಬರುತ್ತದೆ.

ಬಾಣ ಎಲ್ಲಿಗೂ ಹೋಗದಿದ್ದರೆ ಹೆಚ್ಚಾಗಿ ದಣಿಯ ಹೆಸರು ಬರೆಯುವವನ ತಲೆಯಲ್ಲೇ ಉಳಿದಿರುತ್ತದೆ. ‘ಯಾರು?’ ಅಂತ ಒಂದು ಸಲ ಕೇಳಿದರೆ ಹೊರಗೆ ಬರುತ್ತದೆ.

ಇನ್ನು ಹುಡುಗನ ನಾಲ್ಕು ಸಾಲು. ಬಾಣ ಎಳೆದು ಅವನೇ ತಿದ್ದಿದ. ‘ಹಿ ವೇಕ್ಸ್ ಅಪ್ ಅಟ್ ಫೈವ್. ಹಿಸ್ ಕೌ ಈಸ್ ಬ್ಲ್ಯಾಕ್.’ ನಾಲ್ಕನೇ ಸಾಲಿನ ‘ಇಟ್’ ಸರಿಯಾಗೇ ಇತ್ತು, ಇರಲಿ ಅಂದೆ. ಅವನು ಒಪ್ಪಲಿಲ್ಲ.

‘ಸರ್, ದನಕ್ಕೆ ಹೆಸರುಂಟು. ಕಾವೇರಿ.’

ಹೆಸರಿಟ್ಟು ಸಾಕಿದ ಪ್ರಾಣಿಗೆ ಇಂಗ್ಲಿಷಿನವರೂ ‘ಹಿ’, ‘ಶಿ’ ಅನ್ನುತ್ತಾರೆ. ಅವನು ‘ಇಟ್’ ಹೊಡೆದು ‘ಶಿ’ ಅಂತ ಬರೆದ. ‘ಶಿ ಗಿವ್ ಹಿಮ್ ಮಿಲ್ಕ್.’ ಎಸ್ ಇನ್ನೂ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಪೆರ್ಲ ಕಡೆಯ ಬಸ್ಸಿನ ಹಾರ್ನ್ ಕೇಳಿಸಿತು, ನೋಟ್‌ಬುಕ್ ಚೀಲಕ್ಕೆ ತುರುಕಿ ಓಡಿದ.